ಮೀಸೆ ಎಣಿಸಿದರೆ ಸಾಲದು

ಪೇಟೆಯ ಮೀನಿನಂಗಡಿಯಲ್ಲಿ ಮೀಸೆಯಿರುವ ಮೀನೊಂದನ್ನು ತೋರಿಸಿ ‘ಇದು ಯಾವ ಮೀನು?’ ಎಂದು ಕೇಳಿ ನೋಡಿ. ‘ಕ್ಯಾಟ್‌ಫಿಶ್’ ಎನ್ನುತ್ತಾರೆ. ಪಕ್ಕದ ಬುಟ್ಟಿಯಲ್ಲಿರುವ ಇನ್ನೊಂದನ್ನು ತೋರಿಸಿ. ಅದೂ ಕ್ಯಾಟ್‌ಫಿಶ್ಶೇ. ‘ಎದುರುಮನೆಗೆ ಬಂದವರು ಯಾರು?’ ಎಂದು ಕೇಳಿದರೆ ‘ಮನುಷ್ಯರು’ ಎಂದ ಹಾಗಾಯಿತು. ಸುಳ್ಳಲ್ಲ, ಉಪಯೋಗವೂ ಇಲ್ಲ. ಮೀಸೆ ಮೀನುಗಳಲ್ಲಿ ಜಗತ್ತಿನಾದ್ಯಂತ 3000ಕ್ಕೂ ಹೆಚ್ಚು ಬಗೆಗಳಿವೆ. ನಮ್ಮ ಕೆರೆ, ಹೊಳೆ, ಗದ್ದೆಗಳಲ್ಲೇ ಹತ್ತಾರು ಬಗೆ. ನಮ್ಮ ಹಿರಿಯರು ಅವುಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದರು: ಮುರುಗೋಡು, ಚೇಳು ಮೀನು, ಬಾಳೆ ಮೀನು, ಗೊದಲೆ, ಗಿರ್ಲು. ಊರು ಬದಲಾದರೆ ಹೆಸರೂ ಒಂದಿಷ್ಟು ಬದಲಾಗುತ್ತದೆ, ಅದಕ್ಕೆ ಜಗಳ ಬೇಡ. ನಿಮ್ಮ ಊರಿನ ಹೆಸರನ್ನು ಅಜ್ಜ ಅಜ್ಜಿಯರನ್ನು ಕೇಳಿ, ಈ ಪುಟದ ಅಂಚಿನಲ್ಲೇ ಬರೆದಿಟ್ಟುಕೊಳ್ಳಿ.

ಈ ವಾರ ಈ ವಿಷಯ ಎತ್ತಿಕೊಂಡದ್ದಕ್ಕೆ ಕಾರಣ ಏಳನೇ ತರಗತಿಯ ಒಬ್ಬ ಓದುಗನ ಪತ್ರ. ಕೆರೆಯ ಏರಿ ಕೆಳಗಿನ ಗದ್ದೆಯಲ್ಲಿ ಮೊಣಕೈ ಉದ್ದದ ಮೀಸೆ ಮೀನು ಸಿಕ್ಕಿದೆಯಂತೆ, ಮನೆಯ ತೊಟ್ಟಿಯಲ್ಲಿ ಬಿಟ್ಟಿದ್ದಾರಂತೆ. ‘ಇದು ನಾಟಿ ಮುರುಗೋಡು, ಪಾಪ, ಕೆರೆಗೆ ಬಿಟ್ಟು ಬಾ’ ಎನ್ನುತ್ತಾರೆ ತಾತ. ‘ಇದು ಆಫ್ರಿಕಾದ್ದು, ಕೆರೆಗೆ ಬಿಟ್ಟರೆ ಇರುವ ಮೀನನ್ನೆಲ್ಲ ತಿಂದು ಹಾಕುತ್ತೆ’ ಎನ್ನುತ್ತಾನೆ ಮಾವ. ಇಬ್ಬರೂ ಮಾತು ಬಿಟ್ಟು ಎರಡು ದಿನವಾಗಿದೆ, ಯಾರು ಸರಿ ಹೇಳಿ ಎಂದು ಪತ್ರ. ಜೊತೆಗೆ ಪೆನ್ಸಿಲಿನಲ್ಲಿ ಒಂದು ಚಿತ್ರ. ಚಿತ್ರ ಚೆನ್ನಾಗಿದೆ, ಆದರೆ ಮುಖ್ಯವಾದ ಒಂದು ಜಾಗವನ್ನೇ ಹುಡುಗ ಬರೆದಿಲ್ಲ. ಅದು ಯಾವ ಜಾಗ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೀನು ತಿನ್ನದ ಮನೆಯವರೂ ಓದಬಹುದು. ನಾನೂ ತಿನ್ನದ ಮನೆಯವನೇ. ನೋಡುವುದಕ್ಕೆ ನಾಲಗೆ ಬೇಕಾಗಿಲ್ಲ.

ಮೊದಲು, ಕೈಯಲ್ಲಿರುವುದು ಈ ಜಾತಿಯ ಮೀನು ಹೌದೇ ಎಂದು ತಿಳಿಯಬೇಕು. ‘ಮೀಸೆ ಇದೆಯಲ್ಲ!’ ಎನ್ನಬೇಡಿ. ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಗೂ ಬಾಯಿಯ ಪಕ್ಕದಲ್ಲಿ ಎರಡು ಜೊತೆ ಚಿಕ್ಕ ಮೀಸೆಗಳಿವೆ. ಆದರೆ ಗೆಂಡೆಯ ಮೈತುಂಬ ಹುರುಪೆ. ನಿಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಶಲ್ಕ ಎಂದಿರುತ್ತದೆ. ಮನೆಯ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಾಲು. ನಿಜವಾದ ಮೀಸೆ ಮೀನಿಗೆ ಹುರುಪೆಯೇ ಇಲ್ಲ. ಬರಿ ಚರ್ಮ, ಅದರ ಮೇಲೆ ಲೋಳೆ. ಹಿಡಿದರೆ ಸಾಬೂನಿನ ಹಾಗೆ ಜಾರುತ್ತದೆ. ಕುಚ್ಚು ಮೀನು ಉದ್ದಕ್ಕೆ, ಕಪ್ಪಗೆ, ಹಾವಿನ ತಲೆಯ ಹಾಗೆ ಕಾಣುವುದರಿಂದ ಅದನ್ನೂ ಕೆಲವರು ಇದೇ ಗುಂಪಿಗೆ ಸೇರಿಸುತ್ತಾರೆ. ಅದಕ್ಕೆ ಹುರುಪೆಯುಂಟು, ಮೀಸೆಯಿಲ್ಲ. ಹಾಗಾಗಿ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಮೀಸೆ ಎಂದರೆ ಕೂದಲಲ್ಲ. ಅದು ಚರ್ಮದ ಎಳೆ, ಅದರ ಮೇಲೆ ರುಚಿ ತಿಳಿಯುವ ಕಣಗಳಿವೆ. ನಮಗೆ ನಾಲಗೆಯ ಮೇಲಿರುವಂಥವೇ. ಕೆಸರುನೀರಿನಲ್ಲಿ, ರಾತ್ರಿಯ ಕತ್ತಲಲ್ಲಿ ಕಣ್ಣು ಕೆಲಸಕ್ಕೆ ಬಾರದು ನೋಡಿ, ಈ ಮೀನು ತಳದ ಮಣ್ಣನ್ನು ಮೀಸೆಯಿಂದ ತಡವುತ್ತಾ, ರುಚಿ ನೋಡುತ್ತಾ ಹೋಗುತ್ತದೆ. ಬಾಯಿಗೆ ಹಾಕಿಕೊಳ್ಳುವ ಮೊದಲೇ ರುಚಿ ಗೊತ್ತು! ಮೊಮ್ಮಕ್ಕಳು ಉಪ್ಪಿಟ್ಟಿನ ತಟ್ಟೆಯನ್ನು ದೂರದಿಂದಲೇ ನೋಡಿ ಬೇಡವೆನ್ನುತ್ತಾರಲ್ಲ, ಹಾಗೆ.

ಇನ್ನೊಂದು ಗುರುತು ಮುಳ್ಳು. ಇದನ್ನು ಎಚ್ಚರಿಕೆಯ ಮಾತಾಗಿಯೂ ಹೇಳುತ್ತಿದ್ದೇನೆ. ಕಿವಿರಿನ ಹಿಂದೆ ಎರಡೂ ಬದಿಯಲ್ಲಿ ಎದೆರೆಕ್ಕೆಗಳಿರುತ್ತವೆ. ನಮ್ಮ ಸುತ್ತಮುತ್ತಲಿನ ಮೀಸೆ ಮೀನುಗಳಲ್ಲಿ ಆ ರೆಕ್ಕೆಯ ಮುಂದಿನ ಅಂಚು ಗಟ್ಟಿಯಾದ ಮುಳ್ಳು, ಹಲವಕ್ಕೆ ಗರಗಸದಂಥ ಹಲ್ಲು ಬೇರೆ. ಮೀನು ಗಾಬರಿಯಾದಾಗ ಮುಳ್ಳನ್ನು ಅಡ್ಡಕ್ಕೆ ಚಾಚಿ ಬುಡದಲ್ಲಿ ಚಿಲಕ ಹಾಕಿದಂತೆ ಬಿಗಿ ಮಾಡಿಕೊಳ್ಳುತ್ತದೆ. ಆಮೇಲೆ ನೀವು ಒತ್ತಿದರೂ ಅದು ಮಡಚುವುದಿಲ್ಲ. ಸತ್ತ ಮೀನಿನಲ್ಲೂ ಹಾಗೇ ನಿಂತಿರಬಹುದು. ನುಂಗಲು ಬಂದ ಹಾವು, ಕೊಕ್ಕರೆಗಳ ಗಂಟಲಿಗೆ ಇದು ಅಡ್ಡ. ಹಾಗಾಗಿ ಮಕ್ಕಳೇ, ಇಂದಿನ ಪಾಠವೆಲ್ಲ ಕಣ್ಣಿನದು. ಕೈ ಬೆನ್ನ ಹಿಂದೆ ಇರಲಿ. ಮುಟ್ಟುವ ಕೆಲಸ ದೊಡ್ಡವರದು.

ನಾನು ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಮೀನಿನ ವಿಷಯದಲ್ಲಿ ನನಗೆ ಗುರು ಎಂದರೆ ಮಲೆನಾಡಿನ ಒಂದು ಶಾಖೆಗೆ ದಿನವೂ ಪಿಗ್ಮಿ ಕಟ್ಟುತ್ತಿದ್ದ ಮೀನು ಮಾರುವ ಹೆಂಗಸು. ಸಂತೆಯ ದಿನ ಊಟದ ವಿರಾಮದಲ್ಲಿ ಆಕೆಯ ಬುಟ್ಟಿಯ ಮುಂದೆ ನಿಂತು ನಾನು ಹೆಸರು ಕೇಳುತ್ತಿದ್ದೆ. ಒಂದು ದಿನ, ‘ಈ ಕಪ್ಪಗಿರೋದು ಯಾವುದಮ್ಮ, ಆ ಬೆಳ್ಳಗಿರೋದು ಯಾವುದು?’ ಎಂದದ್ದಕ್ಕೆ ಆಕೆ ನಕ್ಕಳು.

‘ಎರಡೂ ಒಂದೇ ಸಾರ್. ಕೆಸರಲ್ಲಿದ್ರೆ ಕಪ್ಪಾಗುತ್ತೆ, ಮರಳಲ್ಲಿದ್ರೆ ಬೆಳ್ಳಗಾಗುತ್ತೆ. ಬಣ್ಣ ನೋಡಿ ಹೆಸರು ಹೇಳಬಾರದು. ನೀವು ರುಜು ನೋಡುವಾಗ ಶಾಯಿ ಬಣ್ಣ ನೋಡ್ತೀರಾ?’

ಎಂಥ ಮಾತು! ಮಾದರಿ ರುಜುವಿನ ಜೊತೆ ಚೆಕ್ಕಿನ ರುಜು ಹೋಲಿಸುವಾಗ ನಾವು ಶಾಯಿ ನೋಡುತ್ತಿರಲಿಲ್ಲ, ಅಕ್ಷರದ ಗಾತ್ರವನ್ನೂ ನಂಬುತ್ತಿರಲಿಲ್ಲ. ವಯಸ್ಸಾದಂತೆ ಕೈ ನಡುಗುತ್ತದೆ, ಅಕ್ಷರ ದೊಡ್ಡದಾಗುತ್ತದೆ. ಆದರೆ ಮೊದಲ ಗೀಟು ಎಲ್ಲಿಂದ ಏಳುತ್ತದೆ, ಕೊನೆಯ ಬಾಲ ಯಾವ ಕಡೆ ತಿರುಗುತ್ತದೆ ಎಂಬುದು ಬದಲಾಗುವುದಿಲ್ಲ. ಮೀನಿನಲ್ಲಿ ಹಾಗೆ ಬದಲಾಗದ್ದು ಬೆನ್ನು. ‘ಬೆನ್ನು ನೋಡಿ ಸಾರ್’ ಎಂದಳು ಆಕೆ. ನಾನು ಇಂದಿಗೂ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮೀಸೆ ಮೀನುಗಳ ಬೆನ್ನು ಮೂರು ತರ. ಕುತ್ತಿಗೆಯ ಹಿಂದೆ ಶುರುವಾಗಿ ಬಾಲದ ಹತ್ತಿರದವರೆಗೂ ಜಾಲರಿಯಂತೆ ಒಂದೇ ಉದ್ದ ರೆಕ್ಕೆ ಇದ್ದರೆ ಅದು ಮುರುಗೋಡಿನ ಮನೆತನ. ಬೆನ್ನುರೆಕ್ಕೆ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದಾಗಿ, ಮುಳ್ಳಿಲ್ಲದೆ ಮೃದುವಾಗಿದ್ದರೆ ಚೇಳು ಮೀನು, ಬಾಳೆ, ಗೊದಲೆ ಇವುಗಳಲ್ಲಿ ಒಂದು. ಬೆನ್ನುರೆಕ್ಕೆಯ ಮುಂದೆ ನೆಟ್ಟಗೆ ನಿಂತ ಮುಳ್ಳು, ಅದರ ಹಿಂದೆ ಬಾಲದ ಕಡೆಗೆ ಮೇಣದಲ್ಲಿ ಮಾಡಿ ಅಂಟಿಸಿದಂಥ ಇನ್ನೊಂದು ಮೆತ್ತನೆಯ ರೆಕ್ಕೆ ಇದ್ದರೆ ಗಿರ್ಲು ಮತ್ತು ಅದರ ಬಂಧುಗಳು. ಆ ಮೇಣದಂಥ ರೆಕ್ಕೆಯಲ್ಲಿ ಕಡ್ಡಿಗಳಿರುವುದಿಲ್ಲ. ಕೊಬ್ಬಿನ ರೆಕ್ಕೆ ಎಂದು ಕರೆಯೋಣ. ಬೆನ್ನು ನೋಡಿದ ಮೇಲೆ ಮೀಸೆ ಎಣಿಸಿ. ಎರಡು ಜೊತೆಯೋ ನಾಲ್ಕು ಜೊತೆಯೋ? ಎಣಿಸುವಾಗ ಗಲ್ಲದ ಕೆಳಗೂ ನೋಡಬೇಕು. ನಾಲ್ಕು ಜೊತೆ ಇರುವ ಮೀನಿನಲ್ಲಿ ಒಂದು ಜೊತೆ ಮೂಗಿನ ಹತ್ತಿರ, ಒಂದು ಜೊತೆ ಮೇಲ್ದವಡೆಯ ಮೂಲೆಯಲ್ಲಿ, ಎರಡು ಜೊತೆ ಗಲ್ಲದಡಿ.

ಈಗ ಮುರುಗೋಡು. ಮೀಸೆ ನಾಲ್ಕು ಜೊತೆ, ತಲೆ ಚಪ್ಪಟೆ, ಮೈ ಉದ್ದ, ಬೆನ್ನಿನ ಮೇಲೆ ಉದ್ದ ರೆಕ್ಕೆ, ಹೊಟ್ಟೆಯ ಹಿಂದೆಯೂ ಉದ್ದ ರೆಕ್ಕೆ. ಕಿವಿರಿನ ಮೇಲ್ಭಾಗದಲ್ಲಿ ಪುಟ್ಟ ಮರದ ಕೊಂಬೆಗಳಂಥ ಅಂಗವಿದೆ. ಅದರಿಂದ ಅದು ನೇರವಾಗಿ ಗಾಳಿಯನ್ನು ಉಸಿರಾಡಬಲ್ಲದು. ಹಾಗಾಗಿಯೇ ಬೇಸಿಗೆಯಲ್ಲಿ ಬತ್ತಿದ ಕೆಸರಿನಲ್ಲೂ ಬದುಕಿರುತ್ತದೆ, ಮುಂಗಾರಿನ ಮೊದಲ ಮಳೆಗೆ ಎದೆಯ ಮುಳ್ಳುಗಳನ್ನು ಊರಿಕೊಂಡು, ಮೈ ಹೊರಳಿಸುತ್ತಾ ಒದ್ದೆ ನೆಲದ ಮೇಲೂ ಸಾಗುತ್ತದೆ. ಮಲೆನಾಡಿನ ಅಜ್ಜಂದಿರಿಗೆ ‘ಹತ್ತುಮೀನು’ ಎಂದರೆ ಸಾಕು, ಕಣ್ಣು ಹೊಳೆಯುತ್ತದೆ. ಹೊಳೆ ಹಳ್ಳಗಳಿಂದ ಮೀನುಗಳು ಮೊಟ್ಟೆಯಿಡಲು ಗದ್ದೆಗೆ ಹತ್ತಿ ಬರುವ ಆ ನಾಲ್ಕಾರು ದಿನ! ಬುಟ್ಟಿ, ಕತ್ತಿ, ದೀಪ ಹಿಡಿದು ಓಡಿದ ಕಥೆ ಅವರಿಂದಲೇ ಕೇಳಿ. ಹಾಗೆ ಹಿಡಿದದ್ದರಲ್ಲಿ ಹೆಚ್ಚಿನವು ಮೊಟ್ಟೆ ತುಂಬಿದ ತಾಯಿ ಮೀನುಗಳು ಎಂಬುದನ್ನೂ ಕೇಳಿಸಿಕೊಳ್ಳಿ.

ಉತ್ತರ ಭಾರತದಲ್ಲಿ ಇದರ ಬಂಧುವಿಗೆ ‘ಮಾಗುರ್’ ಎಂದು ಹೆಸರು, ಬಿಹಾರದ ರಾಜ್ಯ ಮೀನು ಅದೇ. ವೈಜ್ಞಾನಿಕ ಹೆಸರು ಕ್ಲಾರಿಯಸ್ ಮಾಗುರ್. ಇಟ್ಟವನು ನಮಗೆ ಪರಿಚಯದವನೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಯಾವ ಊರಲ್ಲಿ ಯಾವ ಬೆಳೆ, ಯಾವ ಕಸುಬು ಎಂದು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಇಟ್ಟುಕೊಂಡು, ಗಂಗಾನದಿಯ ಮೀನುಗಳ ಮೇಲೆ 1822ರಲ್ಲಿ ದೊಡ್ಡ ಪುಸ್ತಕ ಪ್ರಕಟಿಸಿದ. ಅವನ ಒಳ್ಳೆಯ ಗುಣವೆಂದರೆ ಅಲ್ಲಿನ ಬೆಸ್ತರು ಕರೆಯುತ್ತಿದ್ದ ಹೆಸರನ್ನೇ ಎಷ್ಟೋ ಮೀನುಗಳ ಲ್ಯಾಟಿನ್ ಹೆಸರಿನಲ್ಲಿ ಉಳಿಸಿದ್ದು. ನಮ್ಮ ಪಶ್ಚಿಮ ಘಟ್ಟದ ಕಡೆಯ ನೀರಿನಲ್ಲಿ ಕ್ಲಾರಿಯಸ್ ಡಸುಮಿಯೇರಿ ಎಂಬ ಇನ್ನೊಂದು ನಾಟಿ ಬಗೆಯೂ ಇದೆ. ಮಾಗುರ್ ಈಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಮೀನು.

ಇನ್ನು ಪತ್ರದ ಹುಡುಗನ ಮಾವ ಹೇಳಿದ ಆಫ್ರಿಕಾದ ಮೀನು. ಅದರ ಹೆಸರು ಕ್ಲಾರಿಯಸ್ ಗ್ಯಾರಿಪೈನಸ್. ಅದಕ್ಕೂ ನಾಲ್ಕು ಜೊತೆ ಮೀಸೆ, ಅದಕ್ಕೂ ಉದ್ದನೆಯ ಬೆನ್ನುರೆಕ್ಕೆ, ಅದೂ ಗಾಳಿ ಉಸಿರಾಡುತ್ತದೆ. ಇಬ್ಬರೂ ಒಂದೇ ಮನೆತನದವರು ತಾನೆ? 1990ರ ದಶಕದಲ್ಲಿ ಬಾಂಗ್ಲಾದೇಶದ ಕಡೆಯಿಂದ ಸದ್ದಿಲ್ಲದೆ ನಮ್ಮ ದೇಶಕ್ಕೆ ನುಸುಳಿತು. ಬೇಗ ಬೆಳೆಯುತ್ತದೆ, ಕೊಳಚೆ ನೀರಲ್ಲೂ ಸಾಯುವುದಿಲ್ಲ, ಕೋಳಿಯಂಗಡಿಯ ಕಸ ಹಾಕಿದರೂ ತಿಂದು ದಪ್ಪಗಾಗುತ್ತದೆ. ಸಾಕುವವನಿಗೆ ಇನ್ನೇನು ಬೇಕು? ಕೆರೆಗೆ ಬಿದ್ದರೆ ಅಲ್ಲಿನ ಮೀನು, ಕಪ್ಪೆ, ಮೊಟ್ಟೆ ಮರಿ ಯಾವುದನ್ನೂ ಬಿಡುವುದಿಲ್ಲ. ಕೇಂದ್ರ ಸರ್ಕಾರ 2000ದಲ್ಲಿ ಇದರ ಸಾಕಣೆಯನ್ನು ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದನ್ನು ನಾಶಮಾಡಲು ಆದೇಶಿಸಿತು. ಆದರೂ ಅಧಿಕಾರಿಗಳು ಹೋಗಿ ಹೊಂಡ ಮುಚ್ಚಿಸಿದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಮಾರುವಾಗ ಕೆಲವರು ಇದನ್ನೇ ‘ನಾಟಿ’ ಎಂದು ಹೇಳಿ ಮಾರುತ್ತಾರೆ. ಹತ್ತು ರೂಪಾಯಿಯ ನೋಟನ್ನು ನೂರರದ್ದೆಂದು ಕೊಟ್ಟ ಹಾಗೆ.

ಹಾಗಾದರೆ ಬೇರೆ ಮಾಡುವುದು ಹೇಗೆ? ಹುಡುಗ ಚಿತ್ರದಲ್ಲಿ ಬಿಟ್ಟ ಜಾಗ ಇದೇ: ತಲೆಯ ಹಿಂಬದಿ. ಮೀನನ್ನು ಪಕ್ಕದಿಂದ ನೋಡಬಾರದು, ನೇರ ಮೇಲಿನಿಂದ ನೋಡಬೇಕು. ತಲೆಬುರುಡೆ ಮುಗಿದು ಬೆನ್ನು ಶುರುವಾಗುವ ಕಡೆ ಮೂಳೆಯ ಅಂಚು ಚರ್ಮದಡಿಯಲ್ಲಿ ಕಾಣುತ್ತದೆ. ನಾಟಿ ಮುರುಗೋಡಿನಲ್ಲಿ ಆ ಅಂಚಿನ ನಡುವೆ ಹಿಂದಕ್ಕೆ ಚಾಚಿದ ಒಂದೇ ಒಂದು ತುದಿ, ಗುಡಿಸಲಿನ ಮಾಡಿನ ಹಾಗೆ. ಆಫ್ರಿಕಾದ ಮೀನಿನಲ್ಲಿ ತಲೆ ಅಗಲ, ಅಂಚಿನಲ್ಲಿ ಮೂರು ತುದಿ: ನಡುವೆ ಒಂದು, ಎರಡೂ ಪಕ್ಕಕ್ಕೆ ಒಂದೊಂದು. ಮಕ್ಕಳು ಕಾಗದದಲ್ಲಿ ಕಿರೀಟ ಕತ್ತರಿಸುತ್ತಾರಲ್ಲ, ಹಾಗೆ. ಆಮೇಲೆ ದೊಡ್ಡವರು ಯಾರಾದರೂ ದಪ್ಪ ಬಟ್ಟೆಯಲ್ಲಿ ಹಿಡಿದು ಮೀನನ್ನು ಮಗುಚಿ ತೋರಿಸಲಿ. ಗಲ್ಲದ ಕೆಳಗಿನ ಬಿಳಿ ಭಾಗದಲ್ಲಿ ಎರಡೂ ಬದಿಗೆ ಉದ್ದಕ್ಕೆ ಕಪ್ಪು ಬೂದಿನ ಪಟ್ಟೆ ಇದ್ದರೆ ಆಫ್ರಿಕಾದ್ದೆನ್ನಲು ಇನ್ನೊಂದು ಸಾಕ್ಷಿ ಸಿಕ್ಕಿತು. ಮರಿಗಳಲ್ಲಿ ಈ ಪಟ್ಟೆ ಕಾಣದಿರಬಹುದು. ಮೈಮೇಲೆ ಅಮೃತಶಿಲೆಯಂಥ ಕಲೆಗಳಿರುವುದೂ ಉಂಟು, ಆದರೆ ಬಣ್ಣದ ಬಗ್ಗೆ ನಮ್ಮ ಗುರುಗಳು ಏನು ಹೇಳಿದ್ದಾರೆ, ನೆನಪಿದೆಯಲ್ಲ? ಗಾತ್ರ ಒಂದಿಷ್ಟು ಸಹಾಯ ಮಾಡುತ್ತದೆ. ನಾಟಿಯದು ಒಂದೂವರೆ ಅಡಿ ದಾಟುವುದು ಅಪರೂಪ. ಆಫ್ರಿಕಾದ್ದು ಐದಡಿವರೆಗೂ ಬೆಳೆಯಬಲ್ಲದು. ತೋಳುದ್ದದ ‘ನಾಟಿ’ಯನ್ನು ಯಾರಾದರೂ ಮಾರಲು ಬಂದರೆ ಅನುಮಾನಪಡಿ. ಚಿಕ್ಕದಾಗಿರುವುದೆಲ್ಲ ನಾಟಿ ಎನ್ನಲಾಗದು, ಏಕೆಂದರೆ ಆಫ್ರಿಕಾದ್ದೂ ಒಂದು ಕಾಲಕ್ಕೆ ಮರಿಯೇ.

ಪತ್ರದ ಹುಡುಗನಿಗೆ ಉತ್ತರ ಇಷ್ಟು. ಮಗೂ, ನಿನ್ನ ಚಿತ್ರದಲ್ಲಿ ನಾಲ್ಕು ಜೊತೆ ಮೀಸೆ, ಉದ್ದ ಬೆನ್ನುರೆಕ್ಕೆ ಸರಿಯಾಗಿ ಬರೆದಿದ್ದೀಯ. ಆದ್ದರಿಂದ ಅದು ಮುರುಗೋಡಿನ ಮನೆತನದ್ದು ಎಂಬುದರಲ್ಲಿ ತಾತನೂ ಸರಿ, ಮಾವನೂ ಸರಿ. ಯಾವ ಕವಲಿನದು ಎನ್ನುವುದಕ್ಕೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಗಲ್ಲದಡಿಯಿಂದ ಒಂದು, ಹೀಗೆ ಮೂರು ಫೋಟೋ ಅಮ್ಮನ ಮೊಬೈಲಿನಲ್ಲಿ ತೆಗೆಸಿ, ತಾಲ್ಲೂಕಿನಲ್ಲಿರುವ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಾತ, ಮಾವ ಇಬ್ಬರೂ ಜೊತೆಯಾಗಿ ಹೋಗಿ ತೋರಿಸಲಿ. ಇವೆರಡರ ಮಿಶ್ರತಳಿಗಳೂ ಇರುವುದರಿಂದ ಬಲ್ಲವರ ಕಣ್ಣು ಬೇಕು. ಅಲ್ಲಿಯವರೆಗೆ ಮೀನು ತೊಟ್ಟಿಯಲ್ಲೇ ಇರಲಿ. ತೊಟ್ಟಿಗೆ ಮೇಲೊಂದು ಭಾರದ ಮುಚ್ಚಳ ಹಾಕಿ, ಅದು ಎದ್ದು ಹೋಗುವ ಜಾತಿ. ಗೊತ್ತಾಗುವ ಮುಂಚೆ ಕೆರೆಗೆ ಬಿಟ್ಟರೆ ಆಮೇಲೆ ವಾಪಸು ಹಿಡಿಯಲಾಗದು.

ಮುಂದೆ ಚೇಳು ಮೀನು. ಇದರ ಗುರುತನ್ನು ಮಕ್ಕಳು ಬಾಯಿಪಾಠ ಮಾಡಬೇಕು, ಏಕೆಂದರೆ ಹೆಸರೇ ಹೇಳುವಂತೆ ಇದು ಚುಚ್ಚುತ್ತದೆ, ಚುಚ್ಚಿದರೆ ಬರಿ ಗಾಯವಲ್ಲ, ಎದೆರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ. ನೋಡಲು ಮುರುಗೋಡಿನ ತಮ್ಮನ ಹಾಗೆ. ಕಪ್ಪು ಕಂದು ಮೈ, ಚಪ್ಪಟೆ ತಲೆ, ನಾಲ್ಕು ಜೊತೆ ಮೀಸೆ. ಆದರೆ ಬೆನ್ನು ನೋಡಿ: ಉದ್ದ ಜಾಲರಿ ಇಲ್ಲ, ಉಗುರಿನಷ್ಟು ಚಿಕ್ಕ ರೆಕ್ಕೆಯೊಂದು ಮುಂದಕ್ಕೆ ನಿಂತಿದೆ, ಅದರ ಹಿಂದೆ ಬೆನ್ನು ಬೋಳು. ಹೊಟ್ಟೆಯ ಹಿಂದಿನ ರೆಕ್ಕೆ ಮಾತ್ರ ಬಾಲದವರೆಗೂ ಉದ್ದ. ಒಂದು ಅಡಿ ಬೆಳೆದರೆ ಹೆಚ್ಚು. ಇದೂ ಗಾಳಿ ಉಸಿರಾಡುತ್ತದೆ, ಆದರೆ ಮರದ ಕೊಂಬೆಯ ಏರ್ಪಾಡಲ್ಲ. ಕಿವಿರಿನಿಂದ ಬೆನ್ನುಮೂಳೆಯ ಪಕ್ಕಕ್ಕೆ ಹಿಂದಕ್ಕೆ ಚಾಚಿದ ಎರಡು ಉದ್ದ ಗಾಳಿಚೀಲ. ಬಂಗಾಳದಲ್ಲಿ ಇದಕ್ಕೆ ಸಿಂಗಿ ಎನ್ನುತ್ತಾರೆ, ಕಾಯಿಲೆಯಿಂದ ಎದ್ದವರಿಗೆ ಇದರ ಸಾರು ಮಾಡಿ ಕೊಡುವುದು ಅಲ್ಲಿನ ಪದ್ಧತಿ.

ಚುಚ್ಚಿದರೆ ಏನು ಮಾಡಬೇಕು? ನೋವು ಜೋರಾಗಿರುತ್ತದೆ. ಗಾಯ ತೊಳೆದು, ತಡೆಯುವಷ್ಟು ಬಿಸಿಯಿರುವ ನೀರಿನಲ್ಲಿ ಚುಚ್ಚಿದ ಕೈಯನ್ನೋ ಕಾಲನ್ನೋ ಅದ್ದಿಡುವುದು ನೋವನ್ನು ಇಳಿಸುತ್ತದೆ. ನೀರಿನ ಬಿಸಿಯನ್ನು ದೊಡ್ಡವರು ತಮ್ಮ ಕೈಯಿಟ್ಟು ನೋಡಬೇಕು, ಚುಚ್ಚಿಸಿಕೊಂಡ ಮಗುವಿಗೆ ಬಿಸಿಯ ಅಂದಾಜು ಸಿಗದು, ಸುಟ್ಟುಕೊಂಡೀತು. ಆಮೇಲೆ ವೈದ್ಯರ ಹತ್ತಿರ ಹೋಗಿ ಮುರಿದ ಮುಳ್ಳೇನಾದರೂ ಒಳಗುಳಿದಿದೆಯೇ ನೋಡಿಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ಅರಿಶಿನ ಮೆತ್ತಿ ಸುಮ್ಮನಿರುವುದು ನನಗೆ ಒಪ್ಪಿಗೆಯಿಲ್ಲ.

ಬಾಳೆ ಮೀನಿಗೂ ಬೆನ್ನುರೆಕ್ಕೆ ಚಿಕ್ಕದೇ, ಆದರೆ ಚೇಳು ಮೀನೆಂದು ಯಾರೂ ತಪ್ಪು ತಿಳಿಯಲಾರರು. ಬೆಳ್ಳಿಯಂಥ ಮೈ, ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ, ಕತ್ತಿಯ ಅಲಗಿನ ಹಾಗೆ. ಮೀಸೆ ಎರಡೇ ಜೊತೆ: ಮೇಲಿನದು ಬಹಳ ಉದ್ದ, ಗಲ್ಲದಡಿಯದು ಮೋಟು. ಎಲ್ಲಕ್ಕಿಂತ ಮುಖ್ಯ ಬಾಯಿ. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಒಳಗೆ ಸಣ್ಣ ಹಲ್ಲುಗಳ ಸಾಲು ಸಾಲು. ಹೆಸರು ಬಾಳೆಯಾದರೇನು, ಅಪ್ಪಟ ಮಾಂಸಾಹಾರಿ. ಆಳುದ್ದ ಬೆಳೆಯಬಲ್ಲದು. ಕೆಂಪು ಪಟ್ಟಿಯಲ್ಲಿ ಇದೂ ಅಪಾಯಕ್ಕೊಳಗಾಗಬಲ್ಲ ಮೀನೆಂದು ದಾಖಲಾಗಿದೆ. ದೊಡ್ಡ ಬಾಳೆ ಮೀನು ನೋಡಿದ ಅಜ್ಜಂದಿರಿದ್ದರೆ ಯಾವ ಹೊಳೆಯ ಯಾವ ಮಡುವಿನಲ್ಲಿ ಎಂದು ಮೊಮ್ಮಕ್ಕಳ ಕೈಲಿ ಬರೆಸಿ ಕಳುಹಿಸಿ.

ಗೊದಲೆಗೂ ಎರಡು ಜೊತೆ ಮೀಸೆ, ಅದೇ ಬೆಳ್ಳಿ ಮೈ, ಅದೇ ಚಿಕ್ಕ ಬೆನ್ನುರೆಕ್ಕೆ. ಬಾಳೆಯ ಮರಿಯೆಂದು ಮಾರುವುದುಂಟು. ಬಾಯಿ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಗೊದಲೆಯ ಬಾಯಿ ಚಿಕ್ಕದು, ಸೀಳು ಕಣ್ಣನ್ನು ದಾಟುವುದಿಲ್ಲ. ಜೊತೆಗೆ ಎದೆರೆಕ್ಕೆಯ ಮೇಲ್ಗಡೆ, ಹೆಗಲಿನ ಮೇಲೆ ಎನ್ನಬಹುದಾದ ಕಡೆ, ಒಂದು ಕಪ್ಪು ಬೊಟ್ಟು. ಇದರ ವೈಜ್ಞಾನಿಕ ಹೆಸರಿನಲ್ಲಿರುವ ಬೈಮ್ಯಾಕುಲೇಟಸ್ ಎಂದರೆ ಎರಡು ಬೊಟ್ಟಿನದು ಎಂದೇ ಅರ್ಥ.

ಗಿರ್ಲು ಎಲ್ಲರಿಗೂ ಗೊತ್ತಿರುವ ಸಣ್ಣ ಮೀನು. ಬೆನ್ನುರೆಕ್ಕೆಗೆ ಮುಳ್ಳು, ಹಿಂದೆ ಕೊಬ್ಬಿನ ರೆಕ್ಕೆ, ನಾಲ್ಕು ಜೊತೆ ಮೀಸೆ, ಕವಲು ಬಾಲ. ಗಾಳಕ್ಕೆ ಸಿಕ್ಕಿ ಮೇಲೆ ಬಂದಾಗ ‘ಕಿರ್ರ್’ ಎಂದು ಗೊಣಗುತ್ತದೆ. ಬಾಯಿಂದಲ್ಲ, ಎದೆಯ ಮುಳ್ಳಿನ ಬುಡವನ್ನು ಅದರ ಗುಳಿಯಲ್ಲಿ ತಿಕ್ಕಿ ಮಾಡುವ ಸದ್ದು ಅದು. ಗಿರ್ಲುಗಳಲ್ಲೇ ಬಗೆಗಳಿವೆ, ಕೊಬ್ಬಿನ ರೆಕ್ಕೆ ನೋಡಿ ಬೇರೆ ಮಾಡಬಹುದು. ಬೆನ್ನುರೆಕ್ಕೆಯ ಬುಡ ಮುಗಿದ ಕೂಡಲೇ ಶುರುವಾಗಿ ಉದ್ದಕ್ಕೆ ಹರಿದಿದ್ದರೆ, ಮೀಸೆ ಬಾಲದವರೆಗೂ ಮುಟ್ಟುವಂತಿದ್ದರೆ ಅದು ಬುಕಾನನ್ ಹೆಸರಿಟ್ಟ ಮಿಸ್ಟಸ್ ಕವಾಸಿಯಸ್. ಕೊಬ್ಬಿನ ರೆಕ್ಕೆ ಗಿಡ್ಡವಾಗಿ, ಬೆನ್ನುರೆಕ್ಕೆಯಿಂದ ದೂರದಲ್ಲಿದ್ದು, ಮೈಯ ಪಕ್ಕದಲ್ಲಿ ಉದ್ದುದ್ದ ಗೆರೆಗಳಿದ್ದರೆ ಮಿಸ್ಟಸ್ ವಿಟ್ಟೇಟಸ್. ವಿಟ್ಟೇಟಸ್ ಎಂದರೆ ಪಟ್ಟೆಯುಳ್ಳದ್ದು. ಇದಕ್ಕೆ 1794ರಲ್ಲಿ ಹೆಸರಿಟ್ಟ ಬ್ಲಾಕ್ ಎಂಬ ಬರ್ಲಿನ್ನಿನ ವೈದ್ಯ ಭಾರತವನ್ನು ಕಂಡವನೇ ಅಲ್ಲ. ಕೃಷ್ಣೆ, ತುಂಗಭದ್ರೆಯಂಥ ದೊಡ್ಡ ಹೊಳೆಗಳಲ್ಲಿ ಗಿರ್ಲುವಿನ ದೊಡ್ಡಪ್ಪನಂಥ ಸ್ಪೆರಾಟ ಎಂಬ ಮೀನಿದೆ, ಕೊಬ್ಬಿನ ರೆಕ್ಕೆಯ ಹಿಂಭಾಗದಲ್ಲಿ ಕಾಡಿಗೆಯ ಬೊಟ್ಟಿನಂಥ ಗುರುತು ಅದಕ್ಕೆ. ಕಾವೇರಿ ಸೀಮೆಯಲ್ಲಿ ಮಾತ್ರ ಇರುವ ಹೆಮಿಬ್ಯಾಗ್ರಸ್ ಪಂಕ್ಟೇಟಸ್ ಎಂಬ ಇನ್ನೊಂದು ಬಂಧುವಿನ ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳು. ಅದು ತೀರ ಅಪರೂಪ, ಅಳಿವಿನ ತುದಿಯಲ್ಲಿದೆ. ಅಂಥದ್ದು ಗಾಳಕ್ಕೆ ಸಿಕ್ಕರೆ ಫೋಟೋ ತೆಗೆದು ನೀರಿಗೇ ಬಿಡಿ.

ಕೊನೆಗೆ ಮನೆಯೊಳಗಿನ ಮೀಸೆ ಮೀನು. ಗಾಜಿನ ತೊಟ್ಟಿಯಲ್ಲಿ ‘ಶಾರ್ಕ್’ ಎಂದು ಮಾರುವ ಚುರುಕಿನ ಬೆಳ್ಳಿ ಮೀನು ನೋಡಿದ್ದೀರಾ? ಅದು ಶಾರ್ಕ್ ಅಲ್ಲ. ಮೇಕಾಂಗ್ ನದಿಯ ಕಡೆಯ ಪಂಗಾಸಿಯಸ್ ಎಂಬ ಮೀಸೆ ಮೀನಿನ ಮರಿ. ಬೆನ್ನಿನಲ್ಲಿ ಮುಳ್ಳು, ಹಿಂದೆ ಪುಟ್ಟ ಕೊಬ್ಬಿನ ರೆಕ್ಕೆ, ಮೀಸೆ ಎರಡೇ ಜೊತೆ. ಹೋಟೆಲಿನಲ್ಲಿ ‘ಬಾಸಾ’ ಎಂದು ಮುಳ್ಳು ತೆಗೆದು ಬಡಿಸುವುದು ಬಹಳ ಸಲ ಇದನ್ನೇ. ತೊಟ್ಟಿ ಶುಚಿ ಮಾಡುತ್ತದೆಂದು ತರುವ ‘ಸಕ್ಕರ್’ ಮೀನು ಕೂಡ ದಕ್ಷಿಣ ಅಮೆರಿಕದ ಮೀಸೆ ಮೀನೇ. ಬಾಯಿ ತಲೆಯ ಕೆಳಗೆ, ಗಾಜಿಗೆ ಅಂಟಿಕೊಳ್ಳುವಂತಿದೆ. ಹುರುಪೆಯಿಲ್ಲ ಎಂದೆನಲ್ಲ, ಇದಕ್ಕೆ ಅದರ ಬದಲು ಮೂಳೆಯ ಕವಚವೇ ಇದೆ. ಬೆರಳುದ್ದ ತಂದದ್ದು ಒಂದಡಿ ದಾಟುತ್ತದೆ. ಆಗ ಮನೆಯವರು ‘ಪಾಪ’ ಎಂದು ಬಕೆಟ್ಟಿನಲ್ಲಿ ಒಯ್ದು ಹತ್ತಿರದ ಕೆರೆಗೆ ಸುರಿಯುತ್ತಾರೆ. ಹೀಗೆ ಸುರಿದವು ಕೇರಳ, ಆಂಧ್ರದ ನೀರುಗಳಲ್ಲಿ ಸಂಸಾರ ಹೂಡಿ ಬೆಸ್ತರ ಬಲೆ ಹರಿಯುತ್ತಿವೆ. ಸಾಕಲಾಗದಿದ್ದರೆ ಕೊಂಡ ಅಂಗಡಿಗೇ ವಾಪಸು ಕೊಡಿ, ಹಣ ಕೇಳದಿದ್ದರೆ ಬಹಳ ಮಂದಿ ಅಂಗಡಿಯವರು ಬೇಡವೆನ್ನುವುದಿಲ್ಲ.

ಇನ್ನು ಒಗಟು. ಒಂದನೇ ಮೀನು: ಕಪ್ಪು ಮೈ, ನಾಲ್ಕು ಜೊತೆ ಮೀಸೆ, ಬೆನ್ನಿನಲ್ಲಿ ಉಗುರಿನಷ್ಟು ರೆಕ್ಕೆ, ಅದಕ್ಕೆ ಮುಳ್ಳಿಲ್ಲ. ಎರಡನೇ ಮೀನು: ಬೆಳ್ಳಿ ಮೈ, ಎರಡು ಜೊತೆ ಮೀಸೆ, ಮೈತುಂಬ ಹೆಂಚಿನ ಸಾಲು. ಮೂರನೇ ಮೀನು: ನಾಲ್ಕು ಜೊತೆ ಮೀಸೆ, ಕುತ್ತಿಗೆಯಿಂದ ಬಾಲದವರೆಗೆ ಒಂದೇ ರೆಕ್ಕೆ, ಮೇಲಿನಿಂದ ನೋಡಿದರೆ ತಲೆಯ ಹಿಂದೆ ಮೂರು ತುದಿಯ ಕಿರೀಟ. ಮೂರರ ಹೆಸರನ್ನೂ ಬರೆಯಿರಿ, ಇವುಗಳಲ್ಲಿ ಯಾವುದನ್ನು ಬರಿಗೈಯಲ್ಲಿ ಮುಟ್ಟಬಾರದು, ಯಾವುದನ್ನು ಕೆರೆಗೆ ಬಿಡಬಾರದು ಎಂಬುದನ್ನೂ ಬರೆಯಿರಿ. ನಿಮ್ಮ ವಯಸ್ಸು ಬರೆಯಲು ಮರೆಯಬೇಡಿ. ಹಕ್ಕಿಯ ಗೂಡಿನ ಒಗಟಿಗೆ ಬಂದ ಸರಿಯುತ್ತರಗಳಲ್ಲಿ ಅರ್ಧಕ್ಕೂ ಹೆಚ್ಚು ಅರವತ್ತು ದಾಟಿದವರವು. ಮಕ್ಕಳೇ, ಈ ಸಲ ಅವರನ್ನು ಗೆಲ್ಲಲು ಬಿಡಬೇಡಿ.